ಅಪ್‌ಡೇಟ್: ಟ್ರೈನರ್ ಹತ್ತಿರ ಸೇರಿ ಆರು ವಾರ ಆಯ್ತು

ವಯಸ್ಸು 38, ಜಿಮ್ ಮೆಟ್ಟಿಲು ಹತ್ತಿದವನೇ ಅಲ್ಲ, ಪರ್ಸನಲ್ ಟ್ರೈನರ್‌ಗೆ ಕೊಡೋ ದುಡ್ಡು ದಂಡ ಆಗುತ್ತಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಸೇರಿದೆ. ಹುಬ್ಬಳ್ಳಿ ವಿದ್ಯಾನಗರದಲ್ಲಿ, ವಾರಕ್ಕೆ 3 ದಿನ.

ಮೊದಲ ದಿನವೇ ಭಾರ ಎತ್ತಿಸ್ತಾರೆ ಅಂತ ಹೆದರಿದ್ದೆ. ಅರ್ಧ ಗಂಟೆ ಬರೀ ಪ್ರಶ್ನೆ: ಬಿಪಿ ಇದೆಯಾ, ಎದೆನೋವು ಬಂದಿತ್ತಾ, ಹಳೇ ಪೆಟ್ಟು ಏನಾದರೂ ಇದೆಯಾ. ಆಮೇಲೆ ಒಂದು ಕುರ್ಚಿ ತಂದಿಟ್ಟು, ಕೂತು ಎದ್ದು ತೋರಿಸಿ ಅಂದರು. ಅಷ್ಟೇ. ಏಳುವಾಗ ಪ್ರತಿ ಸಲ ನನ್ನ ಬಲ ಮಂಡಿ ಒಳಕ್ಕೆ ವಾಲುತ್ತಿತ್ತು, ಹಿಮ್ಮಡಿ ನೆಲ ಬಿಡುತ್ತಿತ್ತು, ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ ನೋಡಿ. ಎರಡು ವಾರ ಆ ಕುರ್ಚಿ ಜೊತೆಗೇ ಸಂಸಾರ. ಡಂಬೆಲ್ ಕೈಗೆ ಬಂದದ್ದು ಮೂರನೇ ವಾರ.

ಮೈಕೈ ನೋವು ಮಾರನೇ ದಿನಕ್ಕಿಂತ ಅದರ ಮರುದಿನ ಜಾಸ್ತಿ. ಚಿಗರಿ ಬಸ್ಸಲ್ಲಿ ಕಂಬಿ ಹಿಡಿಯದೆ ಸೀಟಿನಿಂದ ಏಳೋಕೆ ಆಗಲಿಲ್ಲ, ಪಕ್ಕದ ಅಜ್ಜ 'ಹುಷಾರು ತಮ್ಮಾ' ಅಂದ. ಸ್ನಾಯು ನೋವು ಎರಡು ಮೂರು ದಿನಕ್ಕೆ ಇಳಿಯುತ್ತೆ, ಕೀಲಿನಲ್ಲಿ ಚುಚ್ಚಿದರೆ ಮಾತ್ರ ತಕ್ಷಣ ನಿಲ್ಲಿಸಿ ಅಂತ ಟ್ರೈನರ್ ಮೊದಲೇ ಹೇಳಿದ್ದರು.

ರೊಟ್ಟಿ ಬಿಡಿಸಲಿಲ್ಲ. ಎರಡು ಜೋಳದ ರೊಟ್ಟಿ ಇರಲಿ, ಕಾಳು ಪಲ್ಯ, ಮೊಸರು ಜಾಸ್ತಿ ಮಾಡಿ ಅಂದರು. ಗಿರಮಿಟ್-ಮಿರ್ಚಿ ಈಗ ಭಾನುವಾರ ಮಾತ್ರ (ಅದನ್ನೂ ಬಿಡು ಅಂದಿದ್ದರೆ ನಾನೇ ಬಿಟ್ಟು ಬರುತ್ತಿದ್ದೆ). ಒಂದೇ ಕಿರಿಕಿರಿ, ಜಿಮ್‌ನವರು ಪ್ರೋಟೀನ್ ಡಬ್ಬಿ ತಗೊಳ್ಳಿ ಅಂತ ಸುಮ್ನೆ ಬೆನ್ನು ಹತ್ತುತ್ತಾರೆ.

ತೂಕ ಇಳಿದದ್ದು ಒಂದೂವರೆ ಕಿಲೋ ಅಷ್ಟೇ. ಮುಂದಿನ ತಿಂಗಳಿಂದ ಟ್ರೈನರ್ ವಾರಕ್ಕೆ ಒಂದೇ ದಿನ, ಉಳಿದ ದಿನ ಉಣಕಲ್ ಕೆರೆ ಹತ್ತಿರ ವಾಕಿಂಗ್.