ಮಾಚು ಪಿಚುಗೆ ರೈಲು ಪ್ರವಾಸ: ತಾಯಿಯವರಿಗೆ ಎತ್ತರ ಒಗ್ಗುವುದೇ?

ಪ್ರಶ್ನೆ (ಮಡಿಕೇರಿ): ಕಾಫಿ ಕೊಯ್ಲು ಮುಗಿದ ಮೇಲೆ ನನ್ನ ತಾಯಿಯವರನ್ನು ಪೆರುವಿನ ಪುರಾತನ ಇಂಕಾ ನಗರಿ ಮಾಚು ಪಿಚುವಿಗೆ, ಮಾರ್ಗದರ್ಶಿಯಿರುವ ಎರಡು ದಿನಗಳ ರೈಲು ಪ್ರವಾಸದಲ್ಲಿ ಕರೆದೊಯ್ಯಬೇಕೆಂದಿದ್ದೇನೆ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿದವರಿಗೆ ಆ ಎತ್ತರ ಕಷ್ಟವಾಗುವುದೇ?

ಉತ್ತರ (ವಿರಾಜಪೇಟೆ): ತಡಿಯಂಡಮೋಳ್ 1,748 ಮೀಟರ್, ಮಾಚು ಪಿಚು ಸುಮಾರು 2,430 ಮೀಟರ್, ಆದರೆ ವಿಮಾನ ಇಳಿಯುವ ಕುಸ್ಕೊ ನಗರವೇ ಸುಮಾರು 3,400 ಮೀಟರ್ ಎತ್ತರದಲ್ಲಿರುವುದರಿಂದ ತಲೆನೋವು, ಏದುಸಿರು ಕಾಡುವುದು ಹೆಚ್ಚಾಗಿ ಅಲ್ಲಿಯೇ. ಆದುದರಿಂದ ಅಲ್ಲಿ ತಂಗದೆ, ತಗ್ಗಿನಲ್ಲಿರುವ ಒಲ್ಲಂಟಾಯ್‌ಟಂಬೊಗೆ ಹೋಗಿ ಎರಡು ರಾತ್ರಿ ವಿಶ್ರಮಿಸಿ, ಅಲ್ಲಿಂದಲೇ ರೈಲು ಹತ್ತಿರಿ. ಹೊರಡುವ ಮುನ್ನ ವೈದ್ಯರನ್ನು ಕಾಣಿರಿ.

ಉತ್ತರ (ಸೋಮವಾರಪೇಟೆ): ರೈಲೇ ಇಲ್ಲದ ಜಿಲ್ಲೆಯವಳಾದ ನನಗೆ ಉರುಬಂಬಾ ನದಿಯ ಪಕ್ಕದ ಆ ಪಯಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಯ ಏರನ್ನು ಬಸ್ಸಿನಲ್ಲಿ ಏರಬಹುದು. ಒಳಗೆ ಮಾತ್ರ ಕಲ್ಲಿನ ಮೆಟ್ಟಿಲುಗಳಿವೆ. ಗಾರೆಯಿಲ್ಲದೆ ಕೂಡಿಸಿದ ಇಂಕಾ ಗೋಡೆಗಳನ್ನು ತಾಯಿಯವರು ನಿಧಾನವಾಗಿ ನೋಡಲಿ. ಫೆಬ್ರವರಿಯಲ್ಲಿ ಅಲ್ಲಿ ಜೋರು ಮಳೆ, ಮೇ ತಿಂಗಳು ಲೇಸು.