ಜುಲೈ ಬಿಸಿಲಿಗೆ ಅಪ್ಪ-ಅಮ್ಮನನ್ನು ದುಬೈಗೆ ಕರೆದುಕೊಂಡು ಹೋಗಬಹುದಾ?

ಕೇಳಿದವರು, ದಾವಣಗೆರೆ:
ನನ್ನ ತಮ್ಮ ದುಬೈನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ರಜೆ ಸಿಗುವುದು ಜುಲೈ ಕೊನೆಯಲ್ಲಿ ಮಾತ್ರ. ಅಪ್ಪ, ಅಮ್ಮ, ನಾನು, ಮೂರು ವರ್ಷದ ಮಗಳು ಹೋಗಬೇಕು ಅಂತಿದ್ದೇವೆ. ಅಪ್ಪನಿಗೆ 68, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಹೇಳಿದವರೆಲ್ಲ ‘ತಲೆ ಕೆಟ್ಟಿದೆಯಾ’ ಅಂತ ಕೇಳುತ್ತಿದ್ದಾರೆ. ದಾವಣಗೆರೆ ಬಿಸಿಲು ತಿಂದು ಬೆಳೆದವರಿಗೆ ಅದು ಅಷ್ಟೊಂದು ಕಷ್ಟನಾ? ಅಲ್ಲಿರುವವರು, ಹೋಗಿ ಬಂದವರು ನಿಮ್ಮ ಅನುಭವ ಹೇಳಿ.

ಮಂಗಳೂರಿನವರು, ದುಬೈನ ಕರಾಮಾದಲ್ಲಿ ವಾಸ:
ಅಕ್ಕ, ಡಿಗ್ರಿ ಲೆಕ್ಕ ನೋಡಿ ಅಂದಾಜು ಮಾಡಬೇಡಿ. ಹಗಲು 41–42 ಸಾಮಾನ್ಯ, ಕೆಲವು ದಿನ 45 ದಾಟುತ್ತದೆ. ರಾಯಚೂರು, ಕಲಬುರಗಿಯವರಿಗೆ ಇದೇನು ಹೊಸದಲ್ಲ. ಕಷ್ಟ ಇರೋದು ರಾತ್ರಿಯಲ್ಲಿ. ಸೂರ್ಯ ಮುಳುಗಿದ ಮೇಲೂ 30ರ ಕೆಳಗೆ ಇಳಿಯುವುದು ಅಪರೂಪ. ಪಕ್ಕದಲ್ಲೇ ಸಮುದ್ರ, ಅದೂ ಬೆಚ್ಚಗೇ ಇರುತ್ತದೆ. ರಾತ್ರಿ ಹತ್ತಕ್ಕೆ ವಿಮಾನ ನಿಲ್ದಾಣದ ಬಾಗಿಲು ದಾಟಿದರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ ಹೊಡೆಯುತ್ತದೆ. ಕನ್ನಡಕ ಮಂಜಾಗಿ ಎದುರಿಗಿದ್ದವರೂ ಕಾಣಲ್ಲ. ನಮ್ಮ ಕರಾವಳಿಯವರಿಗೆ ಸೆಕೆ ಗೊತ್ತು, ಆದರೂ ಇದು ಜಾಸ್ತಿಯೇ.

ಹಾಗಂತ ಬರಲೇಬೇಡಿ ಅನ್ನಲ್ಲ. ದಿನವನ್ನೇ ತಿರುಗಾಮುರುಗಾ ಮಾಡಿಕೊಳ್ಳಿ. ಬೆಳಿಗ್ಗೆ ಎಂಟರೊಳಗೆ ಹೊರಗಿನ ಕೆಲಸ ಮುಗಿಸಿ. ಹತ್ತರಿಂದ ಸಂಜೆ ಆರರವರೆಗೆ ಒಳಗೇ ಇರಿ, ಊಟ, ನಿದ್ದೆ, ಮಾಲ್ ಏನಾದರೂ ಸರಿ. ಆಮೇಲೆ ಹೊರಡಿ. ಊರೇ ಹಾಗೆ ನಡೆಯುತ್ತದೆ. ರಾತ್ರಿ ಹತ್ತೂವರೆಗೆ ಪಾರ್ಕಿನಲ್ಲಿ ಮಕ್ಕಳು ಜೋಕಾಲಿಗೆ ಸರದಿ ಕಾಯುತ್ತಿರುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನೇ ಇದೆ. ಆ ಹೊತ್ತಿನಲ್ಲಿ ನಾವು ಫೋಟೋಗೋಸ್ಕರ ಬಿಸಿಲಲ್ಲಿ ನಿಲ್ಲೋದು ಯಾಕೆ ಹೇಳಿ.

ಇನ್ನೊಂದು ವಿಷಯ ಟೂರಿನವರು ಹೇಳಲ್ಲ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರೋದು ಬಿಸಿನೀರು! ಟ್ಯಾಂಕ್ ತಾರಸಿ ಮೇಲಿದ್ದು ಇಡೀ ದಿನ ಕಾದಿರುತ್ತದೆ. ಅದಕ್ಕೇ ಇಲ್ಲಿನವರು ಬೇಸಿಗೆ ಶುರುವಾದ ಕೂಡಲೇ ಗೀಸರ್ ಆರಿಸಿಬಿಡುತ್ತಾರೆ. ಗೀಸರಿನೊಳಗಿನ ನೀರು ಏಸಿ ತಂಪಿಗೆ ಆರಿರುತ್ತದೆ. ಹಾಗಾಗಿ ತಣ್ಣೀರು ಬೇಕಾದರೆ ಕೆಂಪು ಗುರುತಿನ ಕಡೆ ತಿರುಗಿಸಬೇಕು, ಅದೂ ಗೀಸರ್ ಖಾಲಿ ಆಗುವ ತನಕ ಮಾತ್ರ. ನಮ್ಮ ಮನೆಯಲ್ಲಿ ರಾತ್ರಿಯೇ ಬಕೆಟ್ ತುಂಬಿಸಿಟ್ಟು ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸುತ್ತೇವೆ. ನಿಮ್ಮ ತಮ್ಮ ಹಳೇ ಕಟ್ಟಡದಲ್ಲಿದ್ದರೆ ಇದನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ.

ಹಾಸನದವರು, ಶಾರ್ಜಾದಲ್ಲಿ ನರ್ಸ್:
ನಿಮ್ಮ ತಂದೆಯ ಮಾತ್ರೆ ಯಾವುದು ಅಂತ ನೋಡಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಹೋಗುವಂತೆ ಮಾಡುತ್ತವೆ. ಅದರ ಜೊತೆ ಬೆವರೂ ಸುರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ನೀರೆಷ್ಟು, ಉಪ್ಪೆಷ್ಟು, ಓಆರ್‌ಎಸ್ ಕುಡಿಯಬಹುದಾ ಎಂದು ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗಲ್ಲ. ‘ನನಗೆ ಬೇಡಮ್ಮ’ ಅಂತಾರೆ, ಕೇಳಬೇಡಿ, ಗಂಟೆಗೊಮ್ಮೆ ಕೈಗೆ ನೀರು ಕೊಡಿ. ಪ್ರತಿ ಅಂಗಡಿಯಲ್ಲೂ ಲಬನ್, ಅಂದರೆ ಗಟ್ಟಿ ಮಜ್ಜಿಗೆ ಸಿಗುತ್ತದೆ. ಸ್ವಲ್ಪ ನೀರು ಬೆರೆಸಿ ಜೀರಿಗೆ ಪುಡಿ ಹಾಕಿದರೆ ನಮ್ಮ ಮಜ್ಜಿಗೆಯೇ. ಉಪ್ಪು ಮಾತ್ರ ಡಾಕ್ಟರ್ ಹೇಳಿದಷ್ಟೇ. ತಲೆಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು ಶುರುವಾದರೆ ತಕ್ಷಣ ಏಸಿ ಜಾಗಕ್ಕೆ ಕರೆದುಕೊಂಡು ಹೋಗಿ ನೀರು ಕುಡಿಸಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಯಾರು ಎಲ್ಲಿ ಅಂತ ಗೊಂದಲವಾದರೆ ಕಾಯಬೇಡಿ, 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಅದು ಬರುವವರೆಗೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಿ.

ಔಷಧಿಯನ್ನು ಅದರ ಪ್ಯಾಕೆಟ್‌ನಲ್ಲೇ, ಡಾಕ್ಟರ್ ಚೀಟಿ ಜೊತೆ ತನ್ನಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಮಾತ್ರೆ ಟ್ರಮಡಾಲ್ ಇಂಥವಕ್ಕೆ ಇಲ್ಲಿನ ಆರೋಗ್ಯ ಇಲಾಖೆಯ ಒಪ್ಪಿಗೆ ಮೊದಲೇ ಬೇಕು. ಮಗನಿಗೆ ಅಂತ ಅಮ್ಮ ಮಸಾಲೆ ಕಟ್ಟಿಕೊಡುತ್ತಾರಲ್ವಾ, ಅದರಲ್ಲಿ ಗಸಗಸೆ ಇರಬಾರದು. ಇಲ್ಲಿ ಅದು ನಿಷಿದ್ಧ. ಪಾಯಸದ ಆಸೆ ಬಿಟ್ಟುಬಿಡಿ.

ಒಂದು ಶಾಲು, ಮಗುವಿಗೆ ಸ್ವೆಟರ್ ಇರಲಿ. ತಮಾಷೆಗೆ ಹೇಳುತ್ತಿಲ್ಲ. ಬೆವರಿದ ಬಟ್ಟೆಯಲ್ಲಿ ಮಾಲ್ ಒಳಗೆ ಹೋದರೆ ಮಗು ನಡುಗುತ್ತದೆ.

ಬೆಂಗಳೂರಿನವರು, ಹೋದ ವರ್ಷ ಜುಲೈನಲ್ಲಿ ಹೋಗಿ ಬಂದವರು:
ಮಿರಾಕಲ್ ಗಾರ್ಡನ್, ಗ್ಲೋಬಲ್ ವಿಲೇಜ್ ಎರಡೂ ಬೇಸಿಗೆಯಲ್ಲಿ ಮುಚ್ಚಿರುತ್ತವೆ. ಪಟ್ಟಿಯಿಂದ ತೆಗೆಯಿರಿ. ಮೆಟ್ರೋ ಚೆನ್ನಾಗಿದೆ, ಪೂರ್ತಿ ಏಸಿ, ಬುರ್ಜ್ ಖಲೀಫಾ ನಿಲ್ದಾಣದಿಂದ ದುಬೈ ಮಾಲ್‌ವರೆಗೂ ಏಸಿ ಸೇತುವೆಯೇ ಇದೆ. ಅದು ಉದ್ದ ಇದೆ, ಅಪ್ಪನಿಗೆ ಚಲಿಸುವ ಪಟ್ಟಿ ಮೇಲೆ ನಿಂತು ಹೋಗಲು ಹೇಳಿ. ಆದರೆ ಬೋಗಿಯೊಳಗೆ ತಿನ್ನುವುದು, ಕುಡಿಯುವುದು ಎರಡಕ್ಕೂ ದಂಡ. ಹತ್ತುವ ಮೊದಲೇ ನೀರು ಕುಡಿಸಿಬಿಡಿ. ಮ್ಯಾಪ್‌ನಲ್ಲಿ ‘ನಡೆದು 11 ನಿಮಿಷ’ ಅಂತ ತೋರಿಸಿದರೆ ಟ್ಯಾಕ್ಸಿ ಹಿಡಿಯಿರಿ.

ನನಗೆ ತುಂಬಾ ಹಿಡಿಸಿದ್ದು ಅಬ್ರಾ, ಅಂದರೆ ದುಬೈ ಕ್ರೀಕ್ (ಊರಿನೊಳಗೆ ಚಾಚಿಕೊಂಡ ಸಮುದ್ರದ ನೀರು) ದಾಟಿಸುವ ಮರದ ದೋಣಿ. ದೇರಾದಿಂದ ಬರ್ ದುಬೈಗೆ ಒಂದೇ ದಿರ್ಹಾಮ್. ಕತ್ತಲಾದ ಮೇಲೆ ಹೋಗಿ. ನೀರಿನ ಮೇಲೆ ಸ್ವಲ್ಪ ಗಾಳಿ ಆಡುತ್ತದೆ. ಬರ್ ದುಬೈ ಕಡೆ ಇಳಿದರೆ ಅಲ್ ಫಹೀದಿಯ ಹಳೇ ಮನೆಗಳು ಹತ್ತಿರ. ಮನೆ ಮೇಲೆ ಚೌಕಾಕಾರದ ಗಾಳಿಗೋಪುರಗಳಿವೆ. ನಾಲ್ಕೂ ಕಡೆ ತೆರೆದಿದ್ದು, ಯಾವ ಕಡೆಯಿಂದ ಗಾಳಿ ಬಂದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತವೆ. ಕರೆಂಟ್ ಇಲ್ಲದ ಕಾಲದಲ್ಲಿ ಈ ಊರಿನವರು ಜುಲೈ ಕಳೆದದ್ದು ಹೀಗೆ. ಒಂದು ಕ್ಷಣವಾದರೂ ಅದರ ಕೆಳಗೆ ನಿಂತು ನೋಡಿ.

ಮರುಭೂಮಿ ಸಫಾರಿ ಮಗುವಿಗೂ ಅಪ್ಪನಿಗೂ ಬೇಡ. ಅದೇ ದುಡ್ಡಿಗೆ ಅಬುಧಾಬಿಗೆ ಹೋಗಿ ಬನ್ನಿ. ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಹೆಂಗಸರು ತಲೆ, ಕೈಕಾಲು ಮುಚ್ಚುವ ಬಟ್ಟೆ ಹಾಕಬೇಕು. ತೆಳು ಹತ್ತಿ ಬಟ್ಟೆ ಒಳ್ಳೇದು. 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಹಿಂದೂ ಮಂದಿರವೂ ಅಬುಧಾಬಿ ಕಡೆಯೇ ಇದೆ. ನಿಮ್ಮಮ್ಮ ಖುಷಿಪಡುತ್ತಾರೆ.

ಭಟ್ಕಳದವರು, ದುಬೈನಲ್ಲಿ ಡ್ರೈವರ್:
ಕಾರಿನ ವಿಷಯ ನಾನು ಹೇಳುತ್ತೇನೆ. ಬಿಸಿಲಲ್ಲಿ ನಿಂತ ಕಾರಿನ ಸೀಟ್ ಬೆಲ್ಟ್ ಬಕಲ್ ಮುಟ್ಟಿ ನೋಡದೆ ಮಗುವಿಗೆ ಹಾಕಬೇಡಿ, ಚರ್ಮ ಸುಡುತ್ತದೆ. ಮೊದಲು ಬಾಗಿಲು ತೆರೆದು ಬಿಸಿ ಗಾಳಿ ಹೊರಗೆ ಹೋಗಲಿ, ಆಮೇಲೆ ಏಸಿ ಹಾಕಿ. ಸೆಂಟ್ ಸ್ಪ್ರೇ, ಲೈಟರ್, ಪವರ್ ಬ್ಯಾಂಕ್ ಕಾರಲ್ಲಿ ಬಿಡಬೇಡಿ. ಮಗುವನ್ನಂತೂ ಒಂದು ನಿಮಿಷವೂ ಬೇಡ. ದೊಡ್ಡ ಮಾಲ್‌ಗೆ ಟ್ಯಾಕ್ಸಿ ಕರೆಸುವಾಗ ಯಾವ ಗೇಟ್ ಅಂತ ಸರಿಯಾಗಿ ಹಾಕಿ. ತಪ್ಪು ಗೇಟಿಗೆ ಬಂದರೆ ಹೊರಗಡೆ ಸುತ್ತು ಹಾಕುವವರು ನೀವೇ. ಸಮುದ್ರಕ್ಕೆ ಇಳಿಯುವ ಆಸೆ ಇದ್ದರೆ ಜುಮೇರಾ 2, ಜುಮೇರಾ 3, ಉಮ್ ಸುಕೀಮ್ 1ರಲ್ಲಿ ರಾತ್ರಿ ಈಜುವುದಕ್ಕೆ ದೀಪ ಹಾಕಿದ ಬೀಚ್ ಇದೆ. ನೀರು ತಂಪಾಗಿರುತ್ತದೆ ಅಂದುಕೊಳ್ಳಬೇಡಿ ಮಾತ್ರ!

ಕುಂದಾಪುರದವರು, ಊರಿಗೆ ವಾಪಸಾದವರು:
ನಾನು ಬೇಡ ಅನ್ನುವವನು. ಡಿಸೆಂಬರಿಗೆ ಹೋಗಿ, ಊರೇ ಬೇರೆ ಥರ ಕಾಣುತ್ತದೆ. ತಮ್ಮನಿಗೆ ಜುಲೈಯಲ್ಲಷ್ಟೇ ರಜೆ ಅಂದರೆ ಅವನೇ ಊರಿಗೆ ಬರಲಿ, ಅಪ್ಪನಿಗೆ ಮಗನನ್ನು ನೋಡಿದ ಹಾಗೂ ಆಯ್ತು. ಹೋಗೇ ಹೋಗುತ್ತೀರಿ ಅಂದರೆ ಹಸಿ ಖರ್ಜೂರ ಬಿಡಬೇಡಿ. ಅದು ಸಿಗೋದು ಬೇಸಿಗೆಯಲ್ಲೇ. ಅರ್ಧ ಹಳದಿ ಗಟ್ಟಿ, ಅರ್ಧ ಕಂದು ಮೆತ್ತಗೆ ಇರುವುದನ್ನು ಆರಿಸಿ. ನಮ್ಮೂರಿಗೆ ಬರುವ ಒಣ ಖರ್ಜೂರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ‘ಮಗನ ಮನೆ ನೋಡಲೇಬೇಕು’ ಅಂತ ಕೂತಿದ್ದಾರೆ, ಅದಕ್ಕೆ ಹೋಗುತ್ತೇವೆ. ಸಫಾರಿ ಬಿಟ್ಟೆವು. ಬೇಕಾದರೆ ಆಗಸ್ಟ್ ಕೊನೆಗೆ ಮುಂದೂಡಬಹುದು ಅಂತ ತಮ್ಮ ಈಗ ಹೇಳುತ್ತಿದ್ದಾನೆ. ಅದು ವಾಸಿನಾ?

ಮಂಗಳೂರಿನವರು:
ಬೇಡ. ಆಗಸ್ಟಿನಲ್ಲಿ ಸೆಕೆ ಇನ್ನೂ ಜಾಸ್ತಿ. ಆಗಸ್ಟ್ 24ರ ಸುಮಾರಿಗೆ ಸುಹೈಲ್ ನಕ್ಷತ್ರ ಕಂಡರೆ ಬೇಸಿಗೆ ಇಳಿಯುತ್ತದೆ ಅಂತ ಅರಬರು ಹೇಳುತ್ತಾರೆ. ಅದು ನಮ್ಮ ಅಗಸ್ತ್ಯ ನಕ್ಷತ್ರವೇ. ಇಳಿಯೋದು ಹೌದು, ಆದರೆ ನಿಧಾನಕ್ಕೆ. ಮೇಲಾಗಿ ಶಾಲೆ ಶುರುವಾಗುವ ಹೊತ್ತು, ರಜೆಗೆ ಊರಿಗೆ ಹೋದವರೆಲ್ಲ ಒಟ್ಟಿಗೆ ವಾಪಸ್ ಬರುತ್ತಾರೆ. ಊರಿನಿಂದ ಇಲ್ಲಿಗೆ ಬರುವ ಟಿಕೆಟ್ ದರ ಮುಟ್ಟಕ್ಕಾಗಲ್ಲ. ಜುಲೈಗೇ ಬನ್ನಿ, ರಾತ್ರಿ ಇಳಿಯುವ ವಿಮಾನ ನೋಡಿ.