ಚಂಡಮಾರುತ ನಮ್ಮಲ್ಲಿ ದಡ ಹತ್ತೋದಿಲ್ಲ ಅಂದ್ರೂ ದಂಡೆಯ ಮನೆ ಬಿಡಬೇಕಾ?

ಮಾಜಾಳಿ_ದಂಡೆಮನೆ:
ಕಾರವಾರದ ಹತ್ತಿರ ಮಾಜಾಳಿಯಲ್ಲಿ, ಸಮುದ್ರದಿಂದ ಸುಮಾರು 150 ಮೀಟರ್ ದೂರದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ ಹೆಂಚಿನ ಮನೆ. ಜಗುಲಿಗೆ ತಗಡಿನ ಶೀಟು. ಗಾಳಿಮರದ ಬುಡದಲ್ಲಿ ಒಂದು ಪಾತಿ ದೋಣಿ. ಮನೆಯಲ್ಲಿ ನಡೆಯಲಾಗದ ಅಜ್ಜಿ ಇದ್ದಾರೆ. ಚಂಡಮಾರುತ ಕರಾವಳಿಯ ಉದ್ದಕ್ಕೂ ಸಮುದ್ರದಲ್ಲೇ ಉತ್ತರಕ್ಕೆ ಸಾಗುತ್ತದೆ ಅಂತ ಮುನ್ಸೂಚನೆ. ಯಾವ ಕೆಲಸ ಮೊದಲು ಮಾಡಬೇಕು?

ಭರತ_ಇಳಿತ:
ಮೊದಲು ಅಜ್ಜಿಯನ್ನು ಸಾಗಿಸಿ. ಮಳೆ ಬಿರುಸಾಗುವ ಮುಂಚೆ, ಹಗಲು ಹೊತ್ತಲ್ಲಿ. ಮರ ಬಿದ್ದು ರಸ್ತೆ ಕಟ್ಟಿದ ಮೇಲೆ ಆಂಬುಲೆನ್ಸ್ ಕೂಡ ಒಳಗೆ ಬರೋದಿಲ್ಲ. ಗಾಡಿ ಸಿಗದಿದ್ದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಇವತ್ತೇ ಫೋನ್ ಮಾಡಿ. ಮಾತ್ರೆ ಒಂದು ವಾರಕ್ಕಾಗುವಷ್ಟು ಜೊತೆಗಿರಲಿ.

ದಡ ಹತ್ತೋದಿಲ್ಲ ಅನ್ನೋ ಮಾತನ್ನು ನೆಚ್ಚಬೇಡಿ. 2021ರ ತೌಕ್ತೆ ಚಂಡಮಾರುತ ದಡ ಹತ್ತಿದ್ದು ಮೇ 17ರ ರಾತ್ರಿ ಗುಜರಾತಿನಲ್ಲಿ. ಅದಕ್ಕೂ ಮುಂಚೆಯೇ ನಮ್ಮ ಕರಾವಳಿಯಲ್ಲಿ ಅಲೆ ಮನೆಗಳಿಗೆ ನುಗ್ಗಿತ್ತು.

ಕಾರಣ ಗಾಳಿಯ ದಿಕ್ಕು. ನಮ್ಮ ಕಡೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದರ ಕೇಂದ್ರ ಮಂಗಳೂರಿನ ನೇರಕ್ಕೆ ಸಮುದ್ರದಲ್ಲಿದ್ದಾಗ ಕಾರವಾರಕ್ಕೆ ಗಾಳಿ ಹೆಚ್ಚುಕಡಿಮೆ ಆಗ್ನೇಯದಿಂದ, ಅಂದರೆ ನೆಲದ ಮೇಲಿಂದ ಬರುತ್ತದೆ. ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ. ಗೋವಾ ದಾಟಿ ವಾಯವ್ಯಕ್ಕೆ ಹೋದ ಮೇಲೆ ನೈರುತ್ಯದಿಂದ, ಸಮುದ್ರದ ನೀರನ್ನು ದಂಡೆಗೆ ದೂಡುತ್ತಾ ಬರುತ್ತದೆ. "ದಾಟಿ ಹೋಯ್ತು" ಅಂತ ಜನ ಮನೆಗೆ ವಾಪಸಾಗುವ ಹೊತ್ತಿಗೇ ನಿಮ್ಮ ಮನೆಯ ಮುಂಭಾಗಕ್ಕೆ ಗಾಳಿಯೂ ಅಲೆಯೂ ಒಟ್ಟಿಗೆ ಹೊಡೆಯುತ್ತವೆ. ಅದರ ಜೊತೆ ಭರತ (ಸಮುದ್ರದ ಉಬ್ಬರ) ಸೇರಿದರೆ ಕೇಳಲೇಬೇಡಿ. ಭರತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಎತ್ತರ ಜಾಸ್ತಿ. ನಾಳೆ, ನಾಡಿದ್ದಿನ ಭರತದ ಹೊತ್ತು ಬರೆದಿಟ್ಟುಕೊಳ್ಳಿ. ಕೇಂದ್ರ ದಾಟಿದ ಮೇಲೂ ಎರಡು ಭರತ ಕಳೆಯುವ ತನಕ ಯಾರೂ ಆ ಮನೆಯಲ್ಲಿ ಮಲಗಬೇಡಿ.

ಹೆಂಚು_ರೀಪು:
ಮಾಡಿನ (ಛಾವಣಿಯ) ಕೆಲಸ ಇವತ್ತೇ ಮುಗಿಸಿ. ಗಾಳಿ ಎದ್ದ ಮೇಲೆ ಪಾಚಿ ಹಿಡಿದ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ ಮಾರಾಯ್ರೇ.

ಮೊದಲು ಏಳೋದು ಅಂಚಿನ ಸಾಲು. ಹೆಂಚಿನ ಅಡಿಯಲ್ಲಿ ತಂತಿ ಕಟ್ಟುವ ತೂತು ಇದ್ದರೆ ಅದರಲ್ಲಿ ಜಿಐ ತಂತಿ ತೂರಿಸಿ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿಗೆ) ಬಿಗಿಯಿರಿ. ಕೆಳಗಿನ ಎರಡು ಸಾಲು ಕಟ್ಟಿದರೂ ಬಹಳ ಫರಕು. ಜಗುಲಿಯ ಶೀಟನ್ನು ಬರೀ ಮೊಳೆಯಲ್ಲಿ ಹೊಡೆದಿದ್ದರೆ ಬಿಚ್ಚಿ ಒಳಗಿಡೋದೇ ಒಳ್ಳೇದು. ಗಾಳಿ ಅಡಿಯಿಂದ ಎತ್ತುವಾಗ ಮೊಳೆ ಕಿತ್ತು ಬರುತ್ತದೆ, ಹಾರಿದ ಶೀಟು ಕತ್ತಿಯ ಹಾಗೆ ಕೊಯ್ಯುತ್ತದೆ. ಶೀಟಿನ ಮೇಲೆ ಕಲ್ಲು ಹೇರಬೇಡಿ, ಅವೂ ಉರುಳಿ ಬೀಳುತ್ತವೆ. ಗಾಳಿ ಬರುವ ಕಡೆಯ ಬಾಗಿಲು, ಕಿಟಕಿ ಭದ್ರ ಹಾಕಿ. ಒಳಗೆ ನುಗ್ಗಿದ ಗಾಳಿ ಮಾಡನ್ನು ಅಡಿಯಿಂದ ಒತ್ತುತ್ತದೆ, ಹೊರಗಿನದು ಮೇಲಕ್ಕೆ ಎಳೆಯುತ್ತದೆ.

ಮನೆ ಬಿಡುವಾಗ ಮೇನ್ ಸ್ವಿಚ್, ಇನ್ವರ್ಟರ್, ಗ್ಯಾಸ್ ರೆಗ್ಯುಲೇಟರ್ ಮೂರೂ ಬಂದ್. ಬೇಲಿಯ ಮೇಲೆ ತಂತಿ ಬಿದ್ದಿದ್ದರೆ ಬೇಲಿಯನ್ನೂ ಮುಟ್ಟಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ.

ಬೈತಖೋಲ್_ಲಂಗರು:
ದೋಣಿ ಗಾಳಿಮರದ ಬುಡದಲ್ಲಿ ಬೇಡ. ಮರಳಲ್ಲಿ ನಿಂತ ಗಾಳಿಮರ ಅಲೆ ಬುಡ ಕೊರೆದರೆ ಸಾಲಾಗಿ ಮಲಗುತ್ತದೆ. ಸಾಧ್ಯವಾದಷ್ಟು ಒಳಗೆ ಎಳೆದು, ಎಂಜಿನ್ ಮತ್ತು ಬಲೆ ಮನೆಗೊಯ್ದು, ಎರಡೂ ತುದಿ ಕಟ್ಟಿ. ಹಗ್ಗ ಅಂಚಿಗೆ ಉಜ್ಜುವಲ್ಲಿ ಹಳೇ ಗೋಣಿ ಸುತ್ತಿ, ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ಸವೆದು ತುಂಡಾಗುತ್ತದೆ. ಬಂದರಿನಲ್ಲಿ ನಿಲ್ಲಿಸುವವರು ಹಗ್ಗ ಬಿಗಿದು ಕಟ್ಟಬೇಡಿ. ನೀರು ಏರಿದಾಗ ದೋಣಿ ಏರಲಾಗದೆ ಹಗ್ಗ ಹರಿಯುತ್ತದೆ, ಇಲ್ಲವೇ ಗೂಟ ಕೀಳುತ್ತದೆ.

ಮಾಜಾಳಿ_ದಂಡೆಮನೆ:
ಅಜ್ಜಿಯನ್ನು ಮಧ್ಯಾಹ್ನವೇ ಸದಾಶಿವಗಡಕ್ಕೆ, ಸಂಬಂಧಿಕರ ಆರ್‌ಸಿಸಿ ಮನೆಗೆ ಕಳಿಸ್ತೇವೆ. ಬಾವಿಗೆ ಕೊಳೆ ನೀರು ಹೊಕ್ಕರೆ?

ಭರತ_ಇಳಿತ:
ಉಪ್ಪುನೀರು ಹೊಕ್ಕಿದ್ದರೆ ಬ್ಲೀಚಿಂಗ್ ಪುಡಿಯಿಂದ ಉಪ್ಪು ಹೋಗೋದಿಲ್ಲ, ನೀರು ಎತ್ತಿ ಖಾಲಿ ಮಾಡಬೇಕು. ಕೊಳೆ ನೀರಾದರೆ ಮೊದಲು ಕಸ, ಕೆಸರು ತೆಗೆದು ತಿಳಿಯಾಗಲು ಬಿಡಿ. ಆಮೇಲೆ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಲೆಕ್ಕ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅದಕ್ಕೆ 24 ಗ್ರಾಂ. ಬಕೆಟ್ಟಿನಲ್ಲಿ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಕದಡಿ, ತಳದ ಸುಣ್ಣ ಚೆಲ್ಲಿ. ಒಂದು ಗಂಟೆಯಾದರೂ ಬಿಡಬೇಕು, ರಾತ್ರಿ ಹಾಕಿ ಬೆಳಗ್ಗೆ ಸೇದಿದರೆ ಇನ್ನೂ ವಾಸಿ. ಕುಡಿಯೋದಕ್ಕೆ ಆಗಲೂ ಕುದಿಸಿಯೇ ಬಳಸಿ.